ಹುತ್ತರಿಯಿಂದ ಕ್ರಿಸ್‌ಮಸ್‌ವರೆಗೆ: ತೋಟದಲ್ಲಿ ಸಿಗುವುದರಿಂದಲೇ ಊಟದ ಮೇಜಿನ ಅಲಂಕಾರ

ಕೊಡಗಿನಲ್ಲಿ ನವೆಂಬರ್ ಕೊನೆಯಿಂದ ಡಿಸೆಂಬರ್ ಮುಗಿಯುವವರೆಗಿನ ದಿನಗಳು ನೆಂಟರಿಷ್ಟರು ಮನೆಗೆ ಬರುವ ದಿನಗಳು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಹೊಸ ಭತ್ತದ ಹಬ್ಬವಾದ ಹುತ್ತರಿಯ ದಿನವೂ ಮುಹೂರ್ತವೂ ಗೊತ್ತಾದ ಮೇಲೆ ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದವರು ಊರಿಗೆ ಬರುವ ಏರ್ಪಾಡು ಮಾಡಿಕೊಳ್ಳುತ್ತಾರೆ. ಆ ಸಡಗರ ಇಳಿಯುವ ಹೊತ್ತಿಗೆ ವಿರಾಜಪೇಟೆ, ಮಡಿಕೇರಿ, ಸುಂಟಿಕೊಪ್ಪಗಳ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಅರೇಬಿಕಾ ಹಣ್ಣಿನ ಕುಯ್ಲು, ಗದ್ದೆಯ ಕೊಯ್ಲು, ಕಿತ್ತಳೆ ಇಳಿಸುವ ಕೆಲಸ ಎಲ್ಲವೂ ಇದೇ ವಾರಗಳಲ್ಲಿ ಒಟ್ಟಿಗೆ ಬರುತ್ತವೆ. ಕಾಫಿ ಇನ್ನೂ ಕಣದಲ್ಲೇ ಇರುವುದರಿಂದ ಬೆಳೆಯ ಹಣ ಕೈಗೆ ಬಂದಿರುವುದಿಲ್ಲ. ಹೀಗೆ ಬಿಡುವೂ ಹಣವೂ ಕಡಿಮೆಯಿರುವ ಈ ಕಾಲದಲ್ಲಿ ಹಬ್ಬದೂಟದ ಮೇಜನ್ನು ಚೆಂದಗಾಣಿಸಲು ಪೇಟೆಯಿಂದ ಪ್ಲಾಸ್ಟಿಕ್ ಹೂವು, ಥಳಥಳಿಸುವ ಸರ ತರುವ ಅಗತ್ಯವಿಲ್ಲ. ಬೇಕಾದ ಬಹುಪಾಲು ಸಾಮಗ್ರಿ ಮನೆಯ ಸುತ್ತಲೇ ಇದೆ.

ಈ ಲೇಖನದಲ್ಲಿ ಹೇಳಿರುವ ಅಲಂಕಾರಗಳನ್ನು ಎರಡು ನಿಯಮಗಳಿಗೆ ಕಟ್ಟುಬಿದ್ದು ಆಯ್ದಿದ್ದೇನೆ. ಮೊದಲನೆಯದಾಗಿ, ಅಲಂಕಾರಕ್ಕೆಂದೇ ಹಸಿರು ಮರಗಿಡಗಳನ್ನು ಕಡಿಯಬಾರದು. ಉದುರಿದ್ದು, ಕಪಾತಿನಲ್ಲಿ, ಅಂದರೆ ಗಿಡ ಸವರುವಾಗ, ಕತ್ತರಿಸಿ ಬಿಟ್ಟದ್ದು, ಕೊಯ್ಲಿನ ನಂತರ ಗದ್ದೆಯಲ್ಲಿ ಉಳಿದದ್ದು, ತಿಂದ ಮೇಲೆ ಮಿಕ್ಕ ಸಿಪ್ಪೆ, ಇವೇ ಸಾಕು. ಎರಡನೆಯದಾಗಿ, ಮೇಜಿನ ಮೇಲೆ ಊಟಕ್ಕೆ ಮೊದಲ ಸ್ಥಾನ. ಬಡಿಸುವ ಕೈಗೆ ಅಡ್ಡಬರುವ, ಎದುರು ಕುಳಿತವರ ಮುಖವನ್ನು ಮರೆಸುವ, ಅನ್ನದ ಮೇಲೆ ಉದುರುವ ಯಾವುದೇ ವಸ್ತು ಎಷ್ಟು ಸುಂದರವಾಗಿದ್ದರೂ ಊಟದ ಮೇಜಿನ ಅಲಂಕಾರವಾಗಲಾರದು.

ಮೊದಲು ಮೇಜನ್ನು ಅಳೆಯುವುದು

ಅಲಂಕಾರ ಕೆಡುವುದು ಬಹುತೇಕ ಅಳತೆ ತಪ್ಪುವುದರಿಂದ. ಆರು ಜನ ಕೂರುವ ಮೇಜು ಸಾಮಾನ್ಯವಾಗಿ 5 ಅಡಿ ಉದ್ದ, 3 ಅಡಿ ಅಗಲ ಇರುತ್ತದೆ ಎಂದುಕೊಳ್ಳೋಣ. ಒಂದು ಊಟದ ತಟ್ಟೆಗೂ ಅದರ ಮುಂದಿನ ನೀರಿನ ಲೋಟಕ್ಕೂ ಸೇರಿ ಸುಮಾರು 14 ಅಂಗುಲ ಬೇಕು. ಎರಡು ಬದಿಗೂ ಸೇರಿ 28 ಅಂಗುಲ ಹೋದರೆ, 36 ಅಂಗುಲದ ಅಗಲದಲ್ಲಿ ನಡುವೆ ಉಳಿಯುವುದು ಬರೀ 8 ಅಂಗುಲದ ಪಟ್ಟಿ. ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆಕಡುಬಿನ) ಪಾತ್ರೆ, ಪಂದಿಕರಿ ಅಥವಾ ಕೋಳಿಸಾರು, ಅನ್ನ, ಪಲ್ಯ ಎಲ್ಲವೂ ಇದೇ ಪಟ್ಟಿಯ ಮೇಲೆ ಕೂರಬೇಕು. ಆದ್ದರಿಂದ ಆ ಪಟ್ಟಿಯ ನಡುವಿನ 2 ಅಡಿಯನ್ನು ಪಾತ್ರೆಗಳಿಗೆ ಬಿಟ್ಟು, ಎರಡು ತುದಿಗಳಲ್ಲಿ ಉಳಿಯುವ ಒಂದೂವರೆ ಅಡಿಯಷ್ಟು ಜಾಗವನ್ನು ಮಾತ್ರ ಅಲಂಕಾರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ತುದಿಯಲ್ಲೂ ಒಬ್ಬೊಬ್ಬರು ಕೂರುವುದಾದರೆ ಈ ಜಾಗ ಮತ್ತಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎತ್ತರವನ್ನು ಅಳೆಯಲು ಟೇಪು ಬೇಕಾಗಿಲ್ಲ. ಕುರ್ಚಿಯಲ್ಲಿ ಕುಳಿತು ಮೊಣಕೈಯನ್ನು ಮೇಜಿನ ಮೇಲೆ ಊರಿ ಕೈಯನ್ನು ನೇರವಾಗಿ ಮೇಲಕ್ಕೆತ್ತಿದಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ, ಅಲಂಕಾರ ಅದಕ್ಕಿಂತ ಕೆಳಗೇ ಇರಬೇಕು. ಹೆಚ್ಚಿನವರಿಗೆ ಇದು 10–11 ಅಂಗುಲವಾಗುತ್ತದೆ. ಜನ ಹೆಚ್ಚಾಗಿ, ಮೇಜಿನ ಮೇಲೆ ಪಾತ್ರೆಗಳನ್ನು ಮಾತ್ರ ಇಟ್ಟು ತಟ್ಟೆ ಹಿಡಿದುಕೊಂಡು ಬಡಿಸಿಕೊಳ್ಳುವ ಏರ್ಪಾಡಿದ್ದರೆ ಈ ಮಿತಿ ಬೇಕಿಲ್ಲ. ಆಗ ಮೇಜನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಗೋಡೆಯ ಕಡೆಗೆ ಎತ್ತರದ ವಸ್ತುಗಳನ್ನೂ ಮುಂದೆ ಪಾತ್ರೆಗಳನ್ನೂ ಇಡಬಹುದು.

ಸಿಲ್ವರ್ ಓಕ್ ಎಲೆಯ ಹಾಸು

ನಮ್ಮ ತೋಟಗಳ ನೆಲದ ಮೇಲೆ ಕಾಲಿಟ್ಟಲ್ಲೆಲ್ಲ ಸಿಗುವ, ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರದ ಎಲೆಗೆ ನಾವು ಬೆಲೆ ಕೊಡುವುದೇ ಇಲ್ಲ. ಜರಿಗಿಡದ ಎಲೆಯಂತೆ ಸೀಳುಸೀಳಾಗಿ ಹರಡಿಕೊಂಡು, ಮೇಲ್ಮೈ ಕಂದಾಗಿ, ಅಡಿಭಾಗ ಬೆಳ್ಳಿಯ ಬಣ್ಣವಾಗಿ ಒಣಗುವ ಈ ಎಲೆಗಿಂತ ಚೆಲುವಾದ ಹಾಸನ್ನು ಪೇಟೆಯಲ್ಲಿ ಹಣ ಕೊಟ್ಟರೂ ತರಲಾಗದು ಎಂಬುದು ನನ್ನ ನಂಬಿಕೆ. ಒಂದು ಮೇಜಿಗೆ 40–50 ಎಲೆ ಸಾಕು. ಉದುರಿದ ಎಲೆ ಕಾಫಿ ಗಿಡದ ಬುಡಕ್ಕೆ ಹೊದಿಕೆಯೂ ಗೊಬ್ಬರವೂ ಆಗುವುದರಿಂದ ಬುಟ್ಟಿಗಟ್ಟಲೆ ತಂದು ದಂಡ ಮಾಡಬಾರದು.

ಬೆಳಗಿನ ಮಂಜಿನಲ್ಲಿ ಆಯ್ದ ಎಲೆ ತೇವವಾಗಿದ್ದು ಬೇಗ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಬಿಸಿಲೇರಿದ ನಂತರವೇ ಆಯಬೇಕು. ತುದಿ ಮುರಿಯದ, ಕಪ್ಪು ಚುಕ್ಕೆಯಿಲ್ಲದ ಎಲೆಗಳನ್ನು ತಂದು, ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ, ಹಳೆಯ ದಿನಪತ್ರಿಕೆಗಳ ನಡುವೆ ಒಂದರ ಪಕ್ಕ ಒಂದು ಹರಡಿ, ಮೇಲೆ ಹಲಗೆಯನ್ನೂ ಅದರ ಮೇಲೆ ಅಕ್ಕಿಯ ಚೀಲವನ್ನೋ ರುಬ್ಬುಗುಂಡನ್ನೋ ಹೇರಿ ಮೂರು ದಿನ ಬಿಡಬೇಕು. ಅವಸರವಿದ್ದರೆ ಪತ್ರಿಕೆಯ ಹಾಳೆಗಳ ನಡುವೆ ಎಲೆಯನ್ನಿಟ್ಟು ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಎರಡು ಸಲ ಎಳೆದರೂ ಎಲೆ ಮಟ್ಟಸವಾಗುತ್ತದೆ. ಮಟ್ಟ ಮಾಡದೆ ಹಾಗೇ ಇಟ್ಟ ಎಲೆ ಒಣಗುತ್ತಾ ಸುರುಳಿಯಾಗಿ, ಕೈ ತಾಗಿದರೆ ಪುಡಿಯಾಗುತ್ತದೆ.

ಹಾಸು ಮಾಡಲು 8 ಅಂಗುಲ ಅಗಲದ ಕಂದು ಕಾಗದದ ಪಟ್ಟಿಯನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿಕೊಳ್ಳಬೇಕು. ಮನೆಗೆ ಬಂದ ಪಾರ್ಸೆಲ್‌ಗಳ ಹೊದಿಕೆ ಕಾಗದ ಇದಕ್ಕೆ ಒದಗುತ್ತದೆ. ಎಲೆಗಳನ್ನು ತುದಿಯಿಂದ ನಡುವಿನ ಕಡೆಗೆ, ಒಂದರ ತೊಟ್ಟನ್ನು ಮುಂದಿನದರ ತುದಿ ಮುಚ್ಚುವಂತೆ ಜೋಡಿಸುತ್ತಾ, ಒಂದು ಎಲೆಯ ಕಂದು ಬದಿ, ಇನ್ನೊಂದರ ಬೆಳ್ಳಿ ಬದಿ ಮೇಲೆ ಬರುವಂತೆ ಇಡಬೇಕು. ಅಂಟಿಸುವುದಕ್ಕಿಂತ ಸೂಜಿದಾರದಿಂದ ಉದ್ದುದ್ದ ಹೊಲಿಗೆ ಹಾಕುವುದು ಮೇಲು, ಏಕೆಂದರೆ ಮೈದಾ ಅಂಟಿಗೆ ಜಿರಲೆ ಬರುತ್ತದೆ. ಹೊಲಿಯುವ ಮುನ್ನ ಎಲೆಯ ನಡುನರಕ್ಕೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಸೂಜಿ ಚುಚ್ಚಿದಾಗ ಸೀಳುವುದಿಲ್ಲ. ಪಾತ್ರೆಗಳಿಡುವ ನಡುವಿನ 2 ಅಡಿಗೆ ಎಲೆ ಹೊಲಿಯಬೇಡಿ. ಬಿಸಿ ಪಾತ್ರೆಯ ಅಡಿಯಲ್ಲಿ ಒಣ ಎಲೆ ಪುಡಿಯಾಗಿ ಊಟದೊಳಗೆ ಬೀಳುತ್ತದೆ.

ಹಸಿರು ಬೇಕೆನಿಸಿದವರು ಬಾಳೆ ಎಲೆಯನ್ನು ಬಳಸಬಹುದು. ಕಡುಬಿಗೆ ಬಾಡಿಸುವ ಹಾಗೆಯೇ ಉರಿಯ ಮೇಲೆ ಹಿಡಿದು ಬಾಡಿಸಿ, ನಡುದಿಂಡನ್ನು ಸೀಳಿ ತೆಗೆದರೆ ಎಲೆ ಬಟ್ಟೆಯ ಹಾಗೆ ಬಾಗುತ್ತದೆ. ಬಾಳೆಯ ಸೊನೆಯ ಕಲೆ ಬಟ್ಟೆಯಿಂದ ಹೋಗುವುದಿಲ್ಲವಾದ್ದರಿಂದ ಬಿಳಿ ಮೇಜುಬಟ್ಟೆಯ ಮೇಲೆ ನೇರವಾಗಿ ಹಾಸದೆ ಕೆಳಗೆ ಕಾಗದ ಹಾಕುವುದು ಅವಶ್ಯ. ಬಾಳೆ ಎಲೆಯ ಹಾಸು ಒಂದು ಊಟಕ್ಕೆ ಮಾತ್ರ. ಸಿಲ್ವರ್ ಓಕ್ ಹಾಸು ಹುತ್ತರಿಗೆ ಹಾಕಿದ್ದು ಹೊಸ ವರ್ಷದವರೆಗೂ ನಿಲ್ಲುತ್ತದೆ.

ಕಾಫಿ ಕಟ್ಟಿಗೆಯ ದೀಪದ ಗೂಡು

ಈ ಕೆಲಸಕ್ಕೆ ಮಾತ್ರ ಮುಂದಾಲೋಚನೆ ಬೇಕು. ಕುಯ್ಲು ಮುಗಿದು ಕಪಾತು ನಡೆಯುವ ಮಾರ್ಚ್–ಏಪ್ರಿಲ್‌ನಲ್ಲಿ ಕತ್ತರಿಸಿದ ಅಥವಾ ಮುದಿಯಾಗಿ ಕಿತ್ತುಹಾಕಿದ ಗಿಡದ ಕಾಂಡವನ್ನು ತೆಗೆದು, ಮಳೆಗಾಲ ಪೂರ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ನವೆಂಬರ್ ಹೊತ್ತಿಗೆ ಅದು ಗಟ್ಟಿಯಾಗಿ ಒಣಗಿರುತ್ತದೆ. ಹಸಿ ಕಾಂಡವನ್ನು ಕೊರೆದರೆ ಒಣಗುವಾಗ ಬಿರುಕು ಬಿಟ್ಟು ಸೀಳಿಹೋಗುತ್ತದೆ. ಈ ವರ್ಷ ಹಾಗೆ ತೆಗೆದಿಡದವರು ಸೌದೆ ಕೊಟ್ಟಿಗೆಯಲ್ಲಿ ಹುಡುಕಿದರೆ ಒಂದೆರಡು ಹಳೆಯ ತುಂಡು ಸಿಕ್ಕೇ ಸಿಗುತ್ತದೆ.

ಯಾವ ಗಿಡದ ಕಾಂಡ ಎಂಬುದನ್ನು ನೋಡಿಯೇ ತರಬೇಕು. ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕದ ಬಾಧೆ ಇರುತ್ತದೆ. ಕಾಂಡದ ಮೇಲೆ ಉಂಗುರದಂತೆ ಉಬ್ಬಿದ ಗೆರೆಗಳು ಕಂಡರೆ ಒಳಗೆ ಹುಳು ಸುರಂಗ ಕೊರೆದಿದೆ ಎಂದರ್ಥ. ಇಂಥ ಗಿಡವನ್ನು ಬುಡಸಹಿತ ಕಿತ್ತು ಸುಡಬೇಕೆಂಬುದು ತೋಟದವರೆಲ್ಲ ಬಲ್ಲ ಕ್ರಮ. ಅದನ್ನು ಅಲಂಕಾರಕ್ಕೆಂದು ಮನೆಯಲ್ಲಿ ಉಳಿಸಿದರೆ ಏಪ್ರಿಲ್–ಮೇ ಅಥವಾ ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ ದುಂಬಿ ಹೊರಬಂದು ಮತ್ತೆ ತೋಟ ಸೇರುತ್ತದೆ. ನಾಲ್ಕು ದೀಪದ ಗೂಡಿಗಾಗಿ ತೋಟವನ್ನು ಅಪಾಯಕ್ಕೆ ಒಡ್ಡುವುದು ಬೇಡ. ರೊಬಸ್ಟಾ ಕಾಂಡವೇ ಈ ಕೆಲಸಕ್ಕೆ ಸರಿ. ಅದು ದಪ್ಪವಾಗಿಯೂ ಬೆಳೆಯುತ್ತದೆ.

ಅಲ್ಯುಮಿನಿಯಂ ಬಟ್ಟಲಿನಲ್ಲಿ ಬರುವ ಪುಟ್ಟ ಮೇಣದ ದೀಪದ ಅಡ್ಡಳತೆ ಸುಮಾರು 38 ಮಿಲಿಮೀಟರ್. ಅದು ಕೂರಲು 40 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಆಳದ ಗುಳಿ ಬೇಕು. ಗುಳಿಯ ಸುತ್ತ ಗಟ್ಟಿ ಅಂಚು ಉಳಿಯಬೇಕಾದರೆ ಕಾಂಡ ಕನಿಷ್ಠ 3 ಅಂಗುಲ ದಪ್ಪವಿರಬೇಕು. 2, 3, 4 ಅಂಗುಲ ಎತ್ತರದ ಮೂರು ತುಂಡುಗಳನ್ನು ಅಡಿ ಸಮವಾಗುವಂತೆ ಕೊಯ್ದು, ತೊಗಟೆ ಪೂರ್ತಿ ಕೆತ್ತಿ ತೆಗೆಯಬೇಕು, ಏಕೆಂದರೆ ತೊಗಟೆಯ ಅಡಿಯಲ್ಲೇ ಹುಳ ಕೂತಿರುತ್ತದೆ. ಗುಳಿ ಕೊರೆಯುವ ಕೆಲಸವನ್ನು ಹತ್ತಿರದ ಬಡಗಿಯ ಕೈಯಲ್ಲಿ ಮಾಡಿಸುವುದು ಕ್ಷೇಮ. ಮಿಕ್ಕದ್ದನ್ನೆಲ್ಲ ನಾವೇ ಮಾಡಬಹುದು. ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿ, ಜೇನುಮೇಣವಿದ್ದರೆ ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ತಿಕ್ಕಿದರೆ ಕಾಫಿ ಮರದ ತಿಳಿ ಬಣ್ಣವೂ ಅದರ ಗೆರೆಗಳೂ ಎದ್ದು ಕಾಣುತ್ತವೆ. ಅಡುಗೆ ಎಣ್ಣೆ ಹಚ್ಚಬಾರದು, ಕೆಲವೇ ದಿನಗಳಲ್ಲಿ ಕಮಟು ವಾಸನೆ ಬರುತ್ತದೆ.

ಕೊರೆಸುವುದು ಸಾಧ್ಯವಾಗದಿದ್ದರೆ ಕಾಂಡವನ್ನು ಅರ್ಧ ಅಂಗುಲದ ಬಿಲ್ಲೆಗಳಾಗಿ ಕೊಯ್ದು, ಅವುಗಳ ಮೇಲೆ ಗಾಜಿನ ಲೋಟಗಳನ್ನಿಟ್ಟು, ಲೋಟದೊಳಗೆ ಎರಡು ಬೆರಳಷ್ಟು ಅಕ್ಕಿ ಅಥವಾ ಹಸಿ ಕಾಫಿ ಬೇಳೆ ತುಂಬಿ, ನಡುವೆ ದೀಪ ಕೂರಿಸಬಹುದು. ಮಾರಾಟಕ್ಕೆ ಆಯ್ದ ಮೇಲೆ ಉಳಿಯುವ ಒಡೆದ, ಕಪ್ಪಾದ ಬೇಳೆ ಇದಕ್ಕೆ ಸಾಕು. ಕೆಂಪು ಕಾಫಿ ಹಣ್ಣನ್ನು ಗಾಜಿನಲ್ಲಿ ತುಂಬಿ ಇಡಬೇಕೆಂಬ ಆಸೆ ಎಲ್ಲರಿಗೂ ಆಗುತ್ತದೆ, ನೋಡಲು ಬಲು ಚೆನ್ನ. ಆದರೆ ಹಣ್ಣು ಒಂದೆರಡು ದಿನದಲ್ಲೇ ಹುದುಗಿ ಹುಳಿ ವಾಸನೆ ಬಿಡುತ್ತದೆ, ನೊಣ ಮುತ್ತುತ್ತದೆ. ಇಡಲೇಬೇಕೆಂದರೆ ಊಟದ ದಿನ ಬೆಳಗ್ಗೆ ತುಂಬಿ ರಾತ್ರಿಯೇ ಕಣಕ್ಕೆ ಹಿಂತಿರುಗಿಸಿ.

ದೀಪ ಹಚ್ಚುವ ಮುನ್ನ ಒಂದು ಎಚ್ಚರಿಕೆ. ಸಿಲ್ವರ್ ಓಕ್‌ನ ಒಣ ಎಲೆ ಒಲೆ ಹೊತ್ತಿಸಲು ಬಳಸುವಷ್ಟು ಬೇಗ ಉರಿ ಹಿಡಿಯುತ್ತದೆ. ತೆರೆದ ಜ್ವಾಲೆಗೂ ಎಲೆಗೂ ನಡುವೆ ಕನಿಷ್ಠ ಅರ್ಧ ಅಡಿ ಅಂತರವಿರಲಿ, ಇಲ್ಲವೇ ದೀಪ ಗಾಜಿನ ಲೋಟದೊಳಗೇ ಇರಲಿ. ಮಕ್ಕಳು ಓಡಾಡುವ ಮನೆಯಲ್ಲಿ ಎಲೆಯ ಹಾಸಿನ ಮೇಲೆ ಸೆಲ್‌ನಿಂದ ಉರಿಯುವ ಎಲ್‌ಇಡಿ ಸರವನ್ನು ಹರಡುವುದೇ ಉತ್ತಮ. ಇನ್ನು ಸುಗಂಧದ ಮೇಣದಬತ್ತಿ, ಊದುಬತ್ತಿಗಳನ್ನು ಊಟದ ಮೇಜಿನಿಂದ ದೂರವಿಡಿ. ಹೊಸಕ್ಕಿ ಪಾಯಸದ, ಏಲಕ್ಕಿಯ, ಕಾಚಂಪುಳಿಯ ಹುಳಿ ಬಿದ್ದ ಸಾರಿನ ಪರಿಮಳವಿರುವಾಗ ಮೇಜಿಗೆ ಬೇರೆ ಸುವಾಸನೆ ಬೇಕಾಗಿಲ್ಲ.

ಭತ್ತದ ಕದಿರಿನ ಕಟ್ಟು

ಹುತ್ತರಿಯ ರಾತ್ರಿ ಗದ್ದೆಯಿಂದ ಕೊಯ್ದು ತಂದು, ನೆರೆ (ಪೂಜೆಯ ಎಲೆಗಳ ಕಟ್ಟು) ಕಟ್ಟಿ, ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ತೂಗುದೀಪದ ಬಳಿ ಇಡುವ ಕದಿರು ಪೂಜೆಯ ವಸ್ತು. ಅದನ್ನು, ಅದಕ್ಕೆ ಕಟ್ಟಿದ ಎಲೆಗಳನ್ನು ಮೇಜಿನ ಅಲಂಕಾರಕ್ಕೆ ತರಬಾರದು. ಮೇಜಿಗೆ ಬೇಕಾದದ್ದನ್ನು ಬೇರೆಯಾಗಿ, ಕೊಯ್ಲಿನ ನಂತರ ಗದ್ದೆಯ ಅಂಚಿನಲ್ಲಿ ಉಳಿದ ಹಕ್ಕಲು ತೆನೆಗಳಿಂದ ಆಯ್ದುಕೊಳ್ಳಬೇಕು. ಗದ್ದೆ ಪಾಳುಬಿಟ್ಟವರು ನೆರೆಯವರನ್ನು ಕೇಳಿದರೆ ಹಿಡಿಯಷ್ಟು ಕೊಡದವರು ನಮ್ಮಲ್ಲಿ ಯಾರೂ ಇಲ್ಲ.

ಪೂರ್ತಿ ಬಲಿತು ಒಣಗಿದ ತೆನೆಯಿಂದ ಕಾಳು ಉದುರುತ್ತದೆ. ಹೊಂಬಣ್ಣಕ್ಕೆ ತಿರುಗಿದ್ದು ತೊಟ್ಟಿನ ಬಳಿ ಇನ್ನೂ ಹಸಿರು ಉಳಿದಿರುವ ತೆನೆಗಳೇ ಸರಿಯಾದವು. 50–60 ತೆನೆಗಳನ್ನು ಸಣ್ಣ ಸಣ್ಣ ಹಿಡಿಗಳಾಗಿ ಕಟ್ಟಿ, ತಲೆಕೆಳಗಾಗಿ ನೆರಳಿನಲ್ಲಿ ವಾರಕಾಲ ತೂಗುಹಾಕಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಬಣ್ಣ ಮಾಸುತ್ತದೆ. ತೂಗುಹಾಕುವ ಜಾಗಕ್ಕೆ ಇಲಿ ಬಾರದಂತೆ ನೋಡಿಕೊಳ್ಳಬೇಕು. ಗೋಡೆಯಿಂದ ದೂರ, ತೊಲೆಯಿಂದ ಇಳಿಬಿಟ್ಟ ತೆಳು ತಂತಿಗೆ ಕಟ್ಟಿದರೆ ಅದರ ಕಾಟ ತಪ್ಪುತ್ತದೆ.

ಯಾವ ಆಧಾರವೂ ಇಲ್ಲದೆ ತಾನೇ ನಿಲ್ಲುವ ಕಟ್ಟನ್ನು ಕಟ್ಟುವುದರಲ್ಲಿ ಒಂದು ಕೈಚಳಕವಿದೆ. ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಐದಾರು ತೆನೆಗಳನ್ನು ಸಡಿಲವಾಗಿ ಹಿಡಿದು, ನಂತರದ ಪ್ರತಿಯೊಂದು ತೆನೆಯನ್ನೂ ಒಂದೇ ದಿಕ್ಕಿಗೆ ಓರೆಯಾಗಿ ಸೇರಿಸುತ್ತಾ, ಕಟ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಬೇಕು. ಎಲ್ಲ ಸೇರಿಸಿದ ಮೇಲೆ ನಡುವಿಗೆ ನೀರಿನಲ್ಲಿ ನೆನೆಸಿದ ಬಾಳೆ ನಾರನ್ನು ಮೂರು ಸುತ್ತು ಬಿಗಿದು ಗಂಟು ಹಾಕಿದರೆ, ಕೆಳಗಿನ ಕಡ್ಡಿಗಳು ವೃತ್ತಾಕಾರವಾಗಿ ಹರಡಿ ಕಾಲುಗಳಾಗಿ ನಿಲ್ಲುತ್ತವೆ. ನಾರು ಒಣಗಿದಂತೆ ಇನ್ನಷ್ಟು ಬಿಗಿಯುತ್ತದೆ. ಕೊನೆಯಲ್ಲಿ ಕತ್ತರಿಯಿಂದ ಅಡಿಯನ್ನು ಸಮ ಮಾಡಿ, ಒಟ್ಟು ಎತ್ತರ 10 ಅಂಗುಲ ಮೀರದಂತೆ ನೋಡಿಕೊಳ್ಳಬೇಕು. ಎಷ್ಟೇ ಜಾಗ್ರತೆ ಮಾಡಿದರೂ ನಾಲ್ಕು ಕಾಳು ಉದುರಿಯೇ ಉದುರುತ್ತದೆ. ಅದಕ್ಕಾಗಿ ಕಟ್ಟನ್ನು ಅಡಿಕೆ ಹಾಳೆಯ ತಟ್ಟೆಯೊಳಗೆ ನಿಲ್ಲಿಸಿ. ಒಣಗಿ ಬಿದ್ದ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಅದನ್ನು ಎರಡು ಒಂದೇ ಅಳತೆಯ ಸ್ಟೀಲ್ ತಟ್ಟೆಗಳ ನಡುವೆ ಒತ್ತಿ, ಮೇಲೆ ಭಾರ ಹೇರಿ ಒಣಗಿಸಿ, ಅಂಚನ್ನು ಕತ್ತರಿಸಿಕೊಂಡರೆ ತಟ್ಟೆ ಸಿದ್ಧ.

ಕಿತ್ತಳೆ ಸಿಪ್ಪೆಯ ನಕ್ಷತ್ರ

ಕ್ರಿಸ್‌ಮಸ್ ಅಲಂಕಾರದ ಚಿತ್ರಗಳಲ್ಲಿ ಒಣಗಿಸಿದ ಕಿತ್ತಳೆಯ ದುಂಡು ಬಿಲ್ಲೆಗಳನ್ನು ಎಲ್ಲರೂ ನೋಡಿರುತ್ತಾರೆ. ಕೊಡಗಿನ ಕಿತ್ತಳೆಯಲ್ಲಿ ಅದು ಸರಿಬರುವುದಿಲ್ಲ. ನಮ್ಮ ಹಣ್ಣಿನ ಸಿಪ್ಪೆ ಸಡಿಲ. ಬಿಲ್ಲೆ ಕೊಯ್ದ ಕೂಡಲೇ ತೊಳೆಗಳು ಸಿಪ್ಪೆಯಿಂದ ಕಳಚಿಕೊಳ್ಳುತ್ತವೆ. ದುಂಡು ಬಿಲ್ಲೆಯೇ ಬೇಕಾದರೆ ಮೂಸಂಬಿ ಅಥವಾ ನಿಂಬೆಯನ್ನು 5 ಮಿಲಿಮೀಟರ್ ದಪ್ಪಕ್ಕೆ ಕೊಯ್ದು, ಬಟ್ಟೆಯಿಂದ ರಸ ಒತ್ತಿ ತೆಗೆದು, ಓವನ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎರಡೂವರೆಯಿಂದ ಮೂರು ಗಂಟೆ, ಅರ್ಧ ಗಂಟೆಗೊಮ್ಮೆ ಮಗುಚುತ್ತಾ ಒಣಗಿಸಬೇಕು. ನನಗೆ ಅದಕ್ಕಿಂತ ಕಿತ್ತಳೆಯ ಸಿಪ್ಪೆಯೇ ಇಷ್ಟ. ಹಣ್ಣನ್ನು ತಿಂದೂ ಆಗುತ್ತದೆ, ಓವನ್ನೂ ಬೇಕಿಲ್ಲ, ಸಡಿಲವಾದ ಸಿಪ್ಪೆ ಅಗಲಗಲ ತುಂಡಾಗಿ ಬರುವುದು ಇಲ್ಲಿ ಅನುಕೂಲವೇ ಆಗುತ್ತದೆ.

ಹಣ್ಣಿನ ತೊಟ್ಟಿನಿಂದ ಬುಡದವರೆಗೆ ಚಾಕುವಿನಿಂದ ನಾಲ್ಕು ಗೆರೆ ಎಳೆದು ಸಿಪ್ಪೆಯನ್ನು ನಾಲ್ಕು ಎಸಳಾಗಿ ಬಿಡಿಸಿ, ಒಳಗಿನ ಬಿಳಿ ನಾರನ್ನು ಚಮಚದಿಂದ ಕೆರೆದು ತೆಗೆಯಬೇಕು. ಸಿಪ್ಪೆ ಹಸಿಯಿರುವಾಗಲೇ ನಕ್ಷತ್ರ, ಎಲೆ, ಚಂದ್ರ ಮುಂತಾದ ಆಕಾರಗಳನ್ನು ಬಿಸ್ಕತ್ತು ಅಚ್ಚಿನಿಂದಲೋ ಕತ್ತರಿಯಿಂದಲೋ ಕತ್ತರಿಸಿ, ದಾರ ಪೋಣಿಸುವ ತೂತನ್ನೂ ಆಗಲೇ ದಬ್ಬಣದಿಂದ ಚುಚ್ಚಿಡಬೇಕು. ಒಣಗಿದ ಮೇಲೆ ಚುಚ್ಚಲು ಹೋದರೆ ಒಡೆಯುತ್ತದೆ. ಕತ್ತರಿಸಿದ್ದನ್ನು ದಿನಪತ್ರಿಕೆಗಳ ನಡುವೆ ಭಾರವಿಟ್ಟು ಒತ್ತಿ, ದಿನವೂ ಪತ್ರಿಕೆ ಬದಲಿಸಬೇಕು. ಎರಡು ದಿನದ ನಂತರ ತೆಗೆದು ಮೊರದಲ್ಲಿ ಹರಡಿ, ಹಗಲಿನ ಬಿಸಿಲಿಗೆ ಇಟ್ಟು, ಮಂಜು ಇಳಿಯುವ ಮುನ್ನ ಒಳಗೆ ತರಬೇಕು. ಮಡಿಕೇರಿ, ಭಾಗಮಂಡಲದ ಕಡೆಯ ತಂಪಿನಲ್ಲಿ ಇದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಕುಶಾಲನಗರದ ಕಡೆ ಬೇಗ ಮುಗಿಯುತ್ತದೆ. ಬಾಗಿಸಿದರೆ ಚಟ್ಟನೆ ಮುರಿಯುವಷ್ಟು ಒಣಗಿದ್ದರೆ ಸರಿ. ರಬ್ಬರಿನಂತೆ ಬಾಗಿದರೆ ಇನ್ನೂ ತೇವವಿದೆ, ಹಾಗೇ ಡಬ್ಬಿಗೆ ಹಾಕಿದರೆ ಬೂಷ್ಟು ಬರುತ್ತದೆ.

ಈ ನಕ್ಷತ್ರಗಳನ್ನು ತೂಗುಹಾಕಲು ಕಾಫಿ ಕೊಂಬೆಯಿಂದ ಪುಟ್ಟ ಮರ ಮಾಡಬಹುದು. ಕಾಫಿ ಗಿಡದ ನೇರ ಕಾಂಡದಿಂದ ಅಡ್ಡರೆಕ್ಕೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ, ನೆಲಕ್ಕೆ ಸಮಾನಾಂತರವಾಗಿ ಹೊರಡುತ್ತವೆ. ತುದಿಗೆ ಹೋದಂತೆ ಗಿಡ್ಡವಾಗುತ್ತವೆ. ಕ್ರಿಸ್‌ಮಸ್ ಮರದ ಆಕಾರ ತಾನಾಗಿಯೇ ಸಿದ್ಧವಾಗಿರುತ್ತದೆ. ಕಿತ್ತುಹಾಕಿದ ಗಿಡದ ತಲೆಯನ್ನೋ, ಹೇಗೂ ಮುರಿದು ಹಾಕಬೇಕಾದ ಬಲಿತ ಕಂಬಚಿಗುರನ್ನೋ (ಕಾಂಡದಿಂದ ನೇರ ಮೇಲೇಳುವ ಚಿಗುರನ್ನೋ) ಆರಿಸಿಕೊಂಡು, ಎಲೆಗಳನ್ನು ಬಿಡಿಸಿ, ಚೆನ್ನಾಗಿ ತೊಳೆಯಬೇಕು. ರೋಗ ತಡೆಯಲು ತೋಟಕ್ಕೆ ಸಿಂಪಡಿಸಿದ ಬೋರ್ಡೋ ದ್ರಾವಣದ ನೀಲಿ ಬಿಳುಪು ಕಲೆ ಕೊಂಬೆಗಳ ಮೇಲೂ, ಮೆಣಸಿನ ಬಳ್ಳಿಯ ಎಲೆಗಳ ಮೇಲೂ ಉಳಿದಿರುತ್ತದೆ. ಅದರಲ್ಲಿರುವುದು ಮೈಲುತುತ್ತ, ಅದು ಊಟದ ಮೇಜಿಗೆ ಬರಬಾರದು. ತೋಟದಿಂದ ಏನೇ ತಂದರೂ ಬ್ರಷ್ಷಿನಿಂದ ಉಜ್ಜಿ, ಎರಡು ಸಲ ನೀರು ಬದಲಿಸಿ ತೊಳೆಯುವುದನ್ನು ಮರೆಯಬೇಡಿ.

ವಾರ ಒಣಗಿದ ಕೊಂಬೆಗೆ ಬಿಳಿ ಬಳಿಯಲು ಸುಣ್ಣವೇ ಸಾಕು. ಮೂರು ಚಮಚ ಸುಣ್ಣವನ್ನು ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿ, ಒಂದು ಚಮಚ ಫೆವಿಕಾಲ್ ಬೆರೆಸಿದರೆ ಉದುರದೆ ಹಿಡಿದುಕೊಳ್ಳುತ್ತದೆ. ಸುಣ್ಣ ಕಣ್ಣಿಗೂ ಗಾಯಕ್ಕೂ ತಾಗಬಾರದು, ಈ ಕೆಲಸ ದೊಡ್ಡವರದೇ ಆಗಿರಲಿ. ಎರಡು ಸಲ ಬಳಿದು ಒಣಗಿಸಿ, ಒಂದು ಹಳೆಯ ಡಬ್ಬಿಯಲ್ಲಿ ಹೊಳೆಮರಳೋ ಬೆಣಚುಕಲ್ಲೋ ತುಂಬಿ ನೆಟ್ಟು, ಡಬ್ಬಿಗೆ ಹಳೆಯ ಹತ್ತಿ ಸೀರೆಯ ಅಂಚನ್ನು ಸುತ್ತಿ, ಕೆಂಪು ದಾರದಲ್ಲಿ ಸಿಪ್ಪೆಯ ನಕ್ಷತ್ರಗಳನ್ನು ತೂಗುಹಾಕಿ. ಮರದ ಎತ್ತರ 15 ಅಂಗುಲದಷ್ಟಾಗುವುದರಿಂದ ಅದನ್ನು ಗೋಡೆಯ ಕಡೆಗಿರುವ ತುದಿಯಲ್ಲಿ ನಿಲ್ಲಿಸಬೇಕು, ನಡುವೆ ಬೇಡ.

ಹೂವು, ಬಿದಿರು ಮತ್ತು ದೂರವಿಡಬೇಕಾದವು

ಡಿಸೆಂಬರಿನಲ್ಲಿ ಸೇವಂತಿಗೆ, ಚೆಂಡು ಹೂವು ಎರಡೂ ಅಂಗಳದಲ್ಲಿರುತ್ತವೆ, ಇಲ್ಲದಿದ್ದರೆ ಸಂತೆಯಲ್ಲಿ ಸಿಗುತ್ತವೆ. ಬೆಳಗ್ಗೆ ಬೇಗ ಕೊಯ್ದು, ದಂಟನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತು, ಆಳವಾದ ಬಕೆಟ್‌ನಲ್ಲಿ ನಾಲ್ಕು ಗಂಟೆ ನಿಲ್ಲಿಸಿದ ನಂತರ ಜೋಡಿಸಿದರೆ ನಮ್ಮ ಚಳಿಯಲ್ಲಿ ಹಲವು ದಿನ ಬಾಡುವುದಿಲ್ಲ. ಹೂದಾನಿಗೆ ಕರಿಮೆಣಸು ಕೊಯ್ಯುವ ಹಳೆಯ ಏಣಿಯ ಬಿದಿರು ಅತ್ಯುತ್ತಮ, ಏಕೆಂದರೆ ಅದು ವರ್ಷಗಟ್ಟಲೆ ಒಣಗಿ ಗಟ್ಟಿಯಾಗಿರುತ್ತದೆ. ಗೆಣ್ಣಿನ ಒಂದು ಅಂಗುಲ ಕೆಳಗೆ ಕೊಯ್ದರೆ ಗೆಣ್ಣೇ ತಳವಾಗುತ್ತದೆ. ಬಿರುಕಿರುವ ಭಯವಿದ್ದರೆ ಒಳಗೆ ಒಂದು ಸಣ್ಣ ಗಾಜಿನ ಶೀಶೆ ಇಳಿಸಿ ಅದರಲ್ಲಿ ನೀರು ಹಾಕಿ.

ಮರದ ಕಾಂಡದ ಮೇಲಿನ ಹಾವಸೆಯನ್ನು ಹೆರೆದು ತಂದು ಮೇಜಿನ ಮೇಲೆ ಹರಡುವ ಅಭ್ಯಾಸ ಈಚೆಗೆ ಕಾಣುತ್ತಿದೆ. ಹಾವಸೆಯ ಜೊತೆಗೆ ಇರುವೆ, ಹುಳುಗಳೂ ಬರುತ್ತವೆ, ಅದರಲ್ಲಿ ಬೇರೂರಿದ ಸಣ್ಣ ಸೀತಾಳೆ (ಆರ್ಕಿಡ್) ಗಿಡಗಳೂ ನಾಶವಾಗುತ್ತವೆ. ದಯವಿಟ್ಟು ಅದನ್ನು ಮರದ ಮೇಲೇ ಬಿಡಿ.

ಇನ್ನು ವಿಷದ ಸಸ್ಯಗಳು. ಕೊಡವರ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಸಿಂಗರಿಸುವ ತೋಕ್‌ಪೂ, ಅಂದರೆ ಅಗ್ನಿಶಿಖೆ, ಕೋವಿಯ ಮೇಲೇ ಇರತಕ್ಕದ್ದು. ಅದರ ಗೆಡ್ಡೆ, ಬೀಜ, ಎಲೆ, ಹೂವು ಎಲ್ಲವೂ ಮಾರಕ ವಿಷ. ಕೆಂಪು ಕಪ್ಪಿನ ಗುಲಗಂಜಿ ಬೀಜವನ್ನು ಬಟ್ಟಲಲ್ಲಿ ತುಂಬಿಡುವುದು ಎಷ್ಟು ಚೆಂದ ಕಂಡರೂ ಮಗುವೊಂದು ಅಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಕಣಗಿಲೆ, ಉಮ್ಮತ್ತಿ, ಲಂಟಾನದ ಕಾಯಿ ಇವೂ ಊಟದ ಮೇಜಿಗೆ ಸಲ್ಲವು. ಬೇಲಿಯ ಬದಿಯಲ್ಲಿ ಡಿಸೆಂಬರಿಗೆ ಕೆಂಪಾಗುವ ಪಾಯಿನ್‌ಸೆಟಿಯಾದ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ. ಅದನ್ನು ಬಳಸುವುದಾದರೆ ಕೊಯ್ದ ತುದಿಯನ್ನು ಮೇಣದಬತ್ತಿಯ ಉರಿಗೆ ಕ್ಷಣಕಾಲ ಹಿಡಿದು ಹಾಲು ಕಟ್ಟಿಸಿ, ಕೈ ತೊಳೆದುಕೊಂಡು, ತಟ್ಟೆಗಳಿಂದ ದೂರದ ಕಿಟಕಿಯ ಬಳಿ ಇಡಿ.

ಕೆಲಸದ ಕ್ರಮ ಮತ್ತು ಖರ್ಚು

ಹಬ್ಬಕ್ಕೆ ಎರಡು ವಾರ ಇರುವಾಗ ಕದಿರು ತೂಗುಹಾಕಿ, ಸಿಪ್ಪೆ ಒಣಗಿಸಲು ತೊಡಗಿ, ಕಾಂಡವನ್ನು ಬಡಗಿಗೆ ಕೊಡಬೇಕು. ವಾರ ಮುಂಚೆ ಸಿಲ್ವರ್ ಓಕ್ ಎಲೆ ಆಯ್ದು ಒತ್ತಬೇಕು. ಹಾಸು ಹೊಲಿಯುವುದು, ಕದಿರು ಕಟ್ಟುವುದು ಎರಡು ಸಂಜೆಯ ಕೆಲಸ, ಮನೆಯ ಮಕ್ಕಳನ್ನು ಸೇರಿಸಿಕೊಂಡರೆ ಒಂದೇ ಸಂಜೆಗೆ ಮುಗಿಯುತ್ತದೆ. ಹೂವು, ಬಾಳೆ ಎಲೆ ಮಾತ್ರ ಅದೇ ದಿನ. ಅಂಗಡಿಯಿಂದ ತರಬೇಕಾದದ್ದು ಪುಟ್ಟ ಮೇಣದ ದೀಪ, ಕೆಂಪು ದಾರ, ಉಪ್ಪುಕಾಗದ, ಸುಣ್ಣ, ಸಣ್ಣ ಶೀಶೆ ಫೆವಿಕಾಲ್ ಇಷ್ಟೇ. ಎಲ್ಲವೂ ಒಂದೇ ಸಲಕ್ಕೆ ಖರ್ಚಾಗುವ ವಸ್ತುಗಳೂ ಅಲ್ಲ.

ಹಬ್ಬಗಳು ಮುಗಿದ ಮೇಲೆ ಕದಿರಿನ ಕಟ್ಟನ್ನು ಅಂಗಳದ ಕಂಬಕ್ಕೆ ಕಟ್ಟಿದರೆ ಹಕ್ಕಿಗಳು ತಿನ್ನುತ್ತವೆ. ಎಲೆಯ ಹಾಸಿನ ದಾರ ಬಿಡಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಸಿಪ್ಪೆಯಲ್ಲಿ ಎಣ್ಣೆಯಂಶವಿರುವುದರಿಂದ ಒಡೆದ ನಕ್ಷತ್ರಗಳು ಒಲೆ ಹೊತ್ತಿಸಲು ಒದಗುತ್ತವೆ. ಮರದ ಗೂಡು, ಬಿದಿರಿನ ಹೂದಾನಿ, ಸುಣ್ಣದ ಮರ ಇವನ್ನು ಮಾತ್ರ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಒಂದು ದಿನ ಪೂರ್ತಿ ಬಿಸಿಲಿಗೆ ಹಾಕಿ, ಆರಿದ ಮೇಲೆ ದಿನಪತ್ರಿಕೆಯಲ್ಲಿ ಸುತ್ತಿ, ಒಣ ಬೇವಿನ ಎಲೆಯೊಡನೆ ತಗಡಿನ ಪೆಟ್ಟಿಗೆಯಲ್ಲಿಟ್ಟು, ಮುಂಗಾರು ಹಿಡಿಯುವ ಮೊದಲೇ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ. ನೆಲದ ಮೇಲೆ ಇಟ್ಟ ಪೆಟ್ಟಿಗೆಗೆ ಜುಲೈ ತಿಂಗಳ ಶೀತ ತಗುಲದೆ ಇರುವುದಿಲ್ಲ.